ಆರು ವಾರದ ಗೆಲ್ಲು

ಕಾಪುವಿನಲ್ಲಿ ಮೊನ್ನೆ ಉಪನಯನದ ಊಟಕ್ಕೆ ಕೂತಾಗ ಚಿಕ್ಕಮ್ಮ ಎದುರಿನ ಪಂಕ್ತಿಯಿಂದಲೇ ಕೇಳಿದ್ರು. "ರಾತ್ರಿ ಹನ್ನೊಂದು ಗಂಟೆವರೆಗೆ ಕಂಪ್ಯೂಟರ್ ಕುಟ್ತಾ ಕೂತಿರ್ತೀಯಂತೆ, ಅಕ್ಕ ಹೇಳಿದ್ಲು. ಆಫೀಸಿನ ಕೆಲಸ ಅಲ್ವಂತೆ, ಸಂಬಳವೂ ಇಲ್ವಂತೆ. ಮತ್ತೆ ಎಂತಕ್ಕೆ ಮಾರಾಯ್ತಿ?" ಅಷ್ಟರಲ್ಲಿ ಮೆಣಸ್ಕಾಯಿ ಬಂತು, ಅದರ ಹಿಂದೆ ಪಾಯಸ ಬಂತು, ಉತ್ತರ ಎಲೆಯ ಬದಿಯಲ್ಲೇ ಉಳೀತು. ಬರೆದು ಹೇಳ್ತೇನೆ ಅಂತ ಹೇಳಿ ಬಂದಿದ್ದೇನೆ. ಬರೆಯುವಾಗ ನನ್ನದೇ ಒಂದು ತಪ್ಪನ್ನೂ ಬರೀಬೇಕಾಗ್ತದೆ. ಅದನ್ನು ಬಿಟ್ಟು ಈ ಕತೆ ಹೇಳ್ಲಿಕ್ಕೆ ಬರುವುದಿಲ್ಲ.

ನಮ್ಮದು ನಾಲ್ಕು ಜನರ ಸಣ್ಣ ತಂಡ. ಮಣಿಪಾಲದಲ್ಲಿ ನಾನು, ಕಾಪುವಿನಲ್ಲಿ ರಿಟೈರ್ ಆದ ಕನ್ನಡ ಟೀಚರ್, ಕಾರ್ಕಳದಲ್ಲಿ ಎರಡು ವರ್ಷದ ಮಗುವಿನ ತಾಯಿ ಒಬ್ಬಳು, ಉಡುಪಿಯಲ್ಲಿ ಒಬ್ಬ ಕಾಲೇಜು ಹುಡುಗ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕನ್ನಡ ಬರೆಯುವಾಗ ಕೆಲವು ಶಬ್ದದ ಅಡಿಗೆ ಕೆಂಪು ಗೆರೆ ಬೀಳ್ತದಲ್ಲ? ಅದರ ಹಿಂದೆ ಇರುವುದು ಒಂದು ಶಬ್ದಪಟ್ಟಿ. ಶಬ್ದ ಪಟ್ಟಿಯಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಗೆರೆ. ಪುಸ್ತಕದ ಕನ್ನಡ ನೋಡಿ ಮಾಡಿದ ಪಟ್ಟಿಯಲ್ಲಿ ನಮ್ಮ ಮನೆಯ ಶಬ್ದ ಎಲ್ಲಿಂದ ಬರಬೇಕು? ಮಾಡಿದವರ ತಪ್ಪಲ್ಲ ಅದು, ಅವರಿಗೆ ಹೇಳಿದವರು ಯಾರೂ ಇಲ್ಲ. ಹಾಗಾಗಿ ಅಡುಗೆಮನೆಯದ್ದು, ಗದ್ದೆಯದ್ದು, ಕಡಲ ಬದಿಯದ್ದು, ಹೀಗೆ ನಮ್ಮ ಕಡೆಯ ಶಬ್ದಗಳನ್ನು ಸೇರಿಸಿ ಪಟ್ಟಿ ಮಾಡ್ತಾ ಇದ್ದೇವೆ. ಯಾರು ಬೇಕಾದ್ರೂ ತೆಗೊಳ್ಳಬಹುದು, ತಿದ್ದಬಹುದು, ದುಡ್ಡಿಲ್ಲ. ಓಪನ್ ಸೋರ್ಸ್ ಅಂತ ಹೇಳುವುದು ಇದಕ್ಕೆ.

ಪಟ್ಟಿ ಓದುವ ಸಾಫ್ಟ್‌ವೇರಿನ ಹೆಸರು ಹನ್‌ಸ್ಪೆಲ್. ಲಿಬ್ರೆ ಆಫೀಸಿನಲ್ಲಿ, ಫೈರ್‌ಫಾಕ್ಸಿನಲ್ಲಿ ಇರುವುದು ಅದೇ. ಮೊದಲಿಗೆ ಅದನ್ನು ಮಾಡಿದ್ದು ಹಂಗೇರಿಯವರ ಭಾಷೆಗೆ. ಅವರದ್ದೂ ನಮ್ಮ ಹಾಗೆ ಶಬ್ದದ ಬಾಲಕ್ಕೆ ಬಾಲ ಕಟ್ಟುವ ಭಾಷೆ, ಹಾಗಾಗಿ ಕನ್ನಡಕ್ಕೂ ಒಗ್ಗುತ್ತದೆ. ಇನ್ನು ನಾವು ಕುಟ್ಟುವ ಕೀಲಿಮಣೆಯ ಕ್ರಮ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಎಲ್ಲಿಯ ಹಂಗೇರಿ, ಎಲ್ಲಿಯ ಕಿನ್ನಿಕಂಬಳ! ಯಾರೋ ಮಾಡಿ ಬಿಟ್ಟದ್ದನ್ನು ನಾವು ಉಪಯೋಗಿಸ್ತೇವೆ, ನಾವು ಮಾಡಿದ್ದು ಇನ್ಯಾರಿಗೋ ಆಗ್ತದೆ. ಸಂಬಳದ ಪ್ರಶ್ನೆಗೆ ನನ್ನ ಹತ್ರ ಇರುವ ಉತ್ತರ ಇಷ್ಟೇ ಚಿಕ್ಕಮ್ಮ.

ಈಗ ಕಷ್ಟದ ಭಾಗ. ನಾಲ್ಕು ಊರಲ್ಲಿ ಕೂತ ನಾಲ್ಕು ಜನ ಒಂದೇ ಪಟ್ಟಿಗೆ ಬರೆಯುವುದು ಹೇಗೆ?

ನಮ್ಮ ಅಜ್ಜಿಯ ಉಪ್ಪಿನಕಾಯಿ ಪುಸ್ತಕ ನೆನಪು ಮಾಡಿಕೊಳ್ಳಿ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂರು ಜನವೂ ಮದುವೆಯಾಗಿ ಹೋಗುವಾಗ ಅದನ್ನು ಕಾಪಿ ಮಾಡಿಕೊಂಡು ಹೋದ್ರು. ದೊಡ್ಡಮ್ಮ ಅವರ ಮನೆ ರುಚಿಗೆ ಉಪ್ಪು ಹೆಚ್ಚು ಮಾಡಿದ್ರು, ಚಿಕ್ಕಮ್ಮ ಸಾಸಿವೆ ಕಡಿಮೆ ಮಾಡಿದ್ರು. ಮೂವತ್ತು ವರ್ಷ ಆದ ಮೇಲೆ ಮೂರೂ ಪುಸ್ತಕ ಒಟ್ಟು ಮಾಡಿ ಒಂದು ಮಾಡ್ಲಿಕ್ಕೆ ಹೊರಟಾಗ ಎಂತ ಜಗಳ ಆಯ್ತು ಅಂತ ನಿಮಗೇ ಗೊತ್ತುಂಟಲ್ಲ. ಒಂದೇ ವಾರ ಕಳೆದು ಒಟ್ಟು ಮಾಡಿದ್ದಿದ್ರೆ ಒಂದು ಗೆರೆಯ ಚರ್ಚೆ, ಅಷ್ಟೇ ಮುಗೀತಿತ್ತು.

ಹೀಗೆ ಕಾಪಿ ಮಾಡುವುದು, ತಿದ್ದುವುದು, ಮತ್ತೆ ಒಟ್ಟು ಮಾಡುವುದು, ಯಾರು ಯಾವಾಗ ಎಂತ ಬದಲಿಸಿದ್ರು ಅಂತ ಲೆಕ್ಕ ಇಡುವುದು, ಇಷ್ಟನ್ನೂ ಮಾಡುವ ಸಾಧನದ ಹೆಸರು ಗಿಟ್. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಶುರು ಮಾಡಿದ್ದು. ಲಿನಕ್ಸ್ ತಂಡ ಅಲ್ಲಿವರೆಗೆ ಉಪಯೋಗಿಸ್ತಿದ್ದ ಬಿಟ್‌ಕೀಪರ್ ಅನ್ನುವುದನ್ನು ಅದರ ಕಂಪೆನಿ ಪುಕ್ಕಟೆ ಕೊಡುವುದು ನಿಲ್ಲಿಸಿತು, ಇವರು ಕೆಲವೇ ದಿನದಲ್ಲಿ ತಮ್ಮದೇ ಒಂದು ಮಾಡಿಕೊಂಡ್ರು. ಗಿಟ್‌ನಲ್ಲಿ ಮುಖ್ಯ ಪ್ರತಿಯಿಂದ ಒಡೆದ ಕಾಪಿಗೆ ಬ್ರಾಂಚ್ ಅಂತಾರೆ. ನಾವು ಗೆಲ್ಲು ಅಂತಲೇ ಹೇಳುವುದು. ಗೆಲ್ಲನ್ನು ಮತ್ತೆ ಬುಡಕ್ಕೆ ಸೇರಿಸುವುದು ಮರ್ಜ್. ಒಂದೇ ಗೆರೆಯನ್ನು ಇಬ್ಬರು ಬೇರೆ ಬೇರೆ ಥರ ತಿದ್ದಿದ್ರೆ ಗಿಟ್ ಅಲ್ಲಿಗೆ ನಿಂತು "ಯಾವುದು ಇಡಲಿ?" ಅಂತ ಕೇಳ್ತದೆ. ಅದು ಕಾನ್‌ಫ್ಲಿಕ್ಟ್.

ಗೆಲ್ಲು ಯಾವಾಗ ಒಡೆಯಬೇಕು, ಎಷ್ಟು ದಿನ ಇಡಬಹುದು, ಬುಡಕ್ಕೆ ಸೇರಿಸುವವರು ಯಾರು, ಇದಕ್ಕೊಂದು ಕ್ರಮ ಬೇಕು. ಆಫೀಸಿನಲ್ಲಿ ಗಿಟ್ ಉಪಯೋಗಿಸುವವಳು ನಾನೊಬ್ಬಳೇ ಆದ ಕಾರಣ ಆರಿಸುವ ಕೆಲಸ ನನ್ನ ಮೇಲೆ ಬಿತ್ತು. ನಾನು ಎಂತ ಮಾಡಿದೆ? ಆಫೀಸಿನ ಕ್ರಮವನ್ನೇ ಎತ್ತಿಕೊಂಡು ಬಂದೆ. ಅದಕ್ಕೆ ಗಿಟ್ ಫ್ಲೋ ಅಂತ ಹೆಸರು, ವಿನ್ಸೆಂಟ್ ಡ್ರೀಸನ್ ಅನ್ನುವವರು 2010ರ ಜನವರಿಯಲ್ಲಿ ಬರೆದದ್ದು. ಅದರಲ್ಲಿ ಎರಡು ಬುಡ. ಜನರ ಕೈಗೆ ಹೋಗುವುದು ಮೇನ್, ನಮ್ಮ ಕೆಲಸ ಸೇರುವುದು ಡೆವಲಪ್. ಡೆವಲಪ್‌ನಿಂದ ಕೆಲಸಕ್ಕೊಂದು ಗೆಲ್ಲು. ಬಿಡುಗಡೆಗೆ ತಯಾರಿ ಮಾಡ್ಲಿಕ್ಕೆ ಇನ್ನೊಂದು ಗೆಲ್ಲು. ಬಿಡುಗಡೆ ಆದ ಮೇಲೆ ತಪ್ಪು ಸಿಕ್ಕಿದ್ರೆ ಅವಸರದ ರಿಪೇರಿಗೆ ಮತ್ತೊಂದು. ಬಣ್ಣಬಣ್ಣದ ಚಿತ್ರ ಉಂಟು ಅದರದ್ದು, ಅದನ್ನು ಪ್ರಿಂಟ್ ತೆಗೆದು ಫ್ರಿಜ್‌ಗೆ ಅಂಟಿಸಿದ್ದೆ. ನೋಡುವಾಗ ನನಗೇ ಒಂದು ಗತ್ತು.

ಕಾಪು ಟೀಚರ್ ಆ ಚಿತ್ರವನ್ನು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ ಒಂದೇ ಮಾತು ಹೇಳಿದ್ರು. "ಇರುವುದು ನಾಲ್ಕು ಜನ. ಇಷ್ಟು ಕೋಣೆ ಗುಡಿಸುವವರು ಯಾರು?" ನಾನು ನಕ್ಕುಬಿಟ್ಟೆ.

ಕಾರ್ಕಳದವಳ ವಿಷಯಕ್ಕೆ ಬರ್ತೇನೆ. ಅವಳ ಗಂಡನ ಅಜ್ಜಿಯ ತವರು ಸಾಲಿಗ್ರಾಮದ ಹತ್ತಿರ. ಎಂಬತ್ತಾರು ವರ್ಷ, ಕಣ್ಣು ಮಂದ, ಬಾಯಿ ಮಾತ್ರ ಚುರುಕು. ಅಜ್ಜಿಗೆ ಗದ್ದೆ ಕೆಲಸದ ಶಬ್ದ ಎಲ್ಲಾ ಬಾಯಲ್ಲೇ ಉಂಟು. ಮಗು ಮಲಗಿದ ಮೇಲೆ ಇವಳು ಅಜ್ಜಿಯ ಮಂಚದ ಬದಿಯಲ್ಲಿ ಕೂತು ಒಂದೊಂದೇ ಕೇಳಿ ಬರ್ಕೊಳ್ಳುವುದು. ಜೂನ್ ನಡುವಿಗೆ ಶುರು ಮಾಡಿದ್ದು. ಮಳೆಗಾಲ, ವಾರದಲ್ಲಿ ಎರಡು ರಾತ್ರಿಯಾದ್ರೂ ಕರೆಂಟ್ ಇಲ್ಲ. ದಿನಕ್ಕೆ ಆರು ಏಳು ಶಬ್ದ. ನನ್ನ ಕ್ರಮ ಪ್ರಕಾರ ಕೆಲಸ ಪೂರ್ತಿ ಆಗುವವರೆಗೆ ಅದು ಅವಳ ಗೆಲ್ಲಿನಲ್ಲೇ ಇರಬೇಕು. ಆರು ವಾರ ಇತ್ತು. 212 ಶಬ್ದ.

ಆ ಆರು ವಾರದಲ್ಲಿ ನಾವು ಸುಮ್ಮನೆ ಕೂತಿರ್ಲಿಲ್ಲ. ನಾನು ಒಂದು ದಿನ ಪಟ್ಟಿ ಚಂದ ಕಾಣ್ಲಿ ಅಂತ ಇಡೀ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿಬಿಟ್ಟೆ. ನಿಮಗೆ ಅನ್ನಿಸಬಹುದು, ಒಳ್ಳೆದೇ ಅಲ್ವಾ ಅಂತ. ಗಿಟ್‌ಗೆ ಅದು ಹಾಗೆ ಕಾಣುವುದಿಲ್ಲ. ಗೆರೆ ಜಾಗ ಬದಲಿಸಿದ್ರೆ ಒಂದು ಕಡೆ ಅಳಿಸಿದ್ದು, ಇನ್ನೊಂದು ಕಡೆ ಹೊಸದಾಗಿ ಬರೆದದ್ದು ಅಂತಲೇ ಲೆಕ್ಕ. ಹಳೇ ಜೋಡಣೆಯ ನಡುನಡುವೆ ಶಬ್ದ ಸೇರಿಸಿದ ಕಾರ್ಕಳದ ಗೆಲ್ಲಿಗೆ ಇನ್ನು ಹೊಂದುವ ಜಾಗವೇ ಇಲ್ಲ. ಮತ್ತೊಂದು ಮಜಾ ಉಂಟು. ಹನ್‌ಸ್ಪೆಲ್ ಪಟ್ಟಿಯ ಮೊದಲ ಗೆರೆಯಲ್ಲಿ ಒಟ್ಟು ಎಷ್ಟು ಶಬ್ದ ಅಂತ ಸಂಖ್ಯೆ ಬರೀಬೇಕು. ಶಬ್ದ ಸೇರಿಸಿದವರೆಲ್ಲ ಆ ಸಂಖ್ಯೆಯನ್ನು ತಿದ್ದುತ್ತಾರೆ, ಅಂದ ಮೇಲೆ ಪ್ರತಿ ಸಲ ಸೇರಿಸುವಾಗ ಮೊದಲ ಗೆರೆಯಲ್ಲೇ ಜಗಳ. ಇಬ್ಬರೂ ಹತ್ತು ಹತ್ತೇ ಶಬ್ದ ಸೇರಿಸಿದ್ರೆ ಇಬ್ಬರ ಸಂಖ್ಯೆಯೂ ಒಂದೇ ಆಗಿ ಜಗಳ ಇಲ್ಲದೆ ಸೇರ್ತದೆ, ಲೆಕ್ಕ ಮಾತ್ರ ತಪ್ಪು! ಜಗಳ ಆಗದಿದ್ದದ್ದೇ ಹೆಚ್ಚು ಉಪದ್ರ.

ಆಗಸ್ಟ್ ಒಂದಕ್ಕೆ ಬಿಡುಗಡೆ ಮಾಡುವುದು ಅಂತ ಮಾತಾಗಿತ್ತು. ಜುಲೈ ಕೊನೆಯ ರಾತ್ರಿ ಅವಳ ಗೆಲ್ಲು ಸೇರಿಸ್ಲಿಕ್ಕೆ ಕೂತೆ. ಸ್ಕ್ರೀನ್ ತುಂಬ ಕಾನ್‌ಫ್ಲಿಕ್ಟ್, ಕೆಳಗೆ ಹೋದಷ್ಟೂ ಮುಗಿಯುವುದಿಲ್ಲ. ಬೆಳಿಗ್ಗೆ ಆಫೀಸು ಉಂಟು. ಗಿಟ್‌ನಲ್ಲಿ ಒಂದು ಉಪಾಯ ಉಂಟು, "ಜಗಳ ಇದ್ದಲ್ಲಿ ನಮ್ಮದನ್ನೇ ಇಡು" ಅಂತ ಹೇಳಬಹುದು. ಹೇಳಿದೆ. ಹೊಸ ಶಬ್ದ ಆದ್ರೂ ಬರಬಹುದು ಅಂತ ಅಂದಾಜು ಮಾಡಿದ್ದೆ, ಬಂತಾ ಅಂತ ನೋಡ್ಲಿಲ್ಲ. ಇಡೀ ಫೈಲು ನಮ್ಮದೇ ಉಳೀತು. ಬಿಡುಗಡೆ ಮಾಡಿ ಮಲಗಿದೆ.

ಎಂಟು ದಿನ ಕಳೆದು ಅವಳ ಮೆಸೇಜ್ ಬಂತು. "ಅಕ್ಕ, ಅಜ್ಜಿಯ ಶಬ್ದ ಒಂದೂ ಇಲ್ಲ." ಬೈಗುಳ ಇಲ್ಲ, ಎಂತ ಇಲ್ಲ. ಆಮೇಲೆ ಸುಮ್ಮನಾದ್ಳು. ಎಂತ ಆದದ್ದು ಅಂತ ನನಗೆ ಗೊತ್ತಾದದ್ದು ಟೀಚರಿಂದ. ಹೊಸ ಪಟ್ಟಿ ಬಂತು ಅಂತ ಇವಳು ಸಂಭ್ರಮದಲ್ಲಿ ಮನೆಯವರನ್ನೆಲ್ಲ ಕರೆದು, ಭಾವನ ಮಗನ ಹತ್ರ ಮೊಬೈಲ್ ಕೊಟ್ಟು "ಗೊರಬು ಅಂತ ಬರಿ" ಅಂದ್ಳಂತೆ. ಗೊರಬು ಗೊತ್ತುಂಟಲ್ಲ, ಮಳೆಯಲ್ಲಿ ಬಗ್ಗಿ ನಟ್ಟಿ ಮಾಡುವಾಗ ತಲೆಯಿಂದ ಬೆನ್ನಿನವರೆಗೆ ಮುಚ್ಚಿಕೊಳ್ಳುವ, ಎಲೆ ಹೆಣೆದು ಮಾಡಿದ್ದು. ಹುಡುಗ ಬರೆದ. ಕೆಂಪು ಗೆರೆ ಬಿತ್ತು. ಮಕ್ಕಳಿಗೆ ಬಾಯಿಗೆ ಬೀಗ ಇಲ್ಲ, "ತಪ್ಪಂತೆ ಅಜ್ಜಿ" ಅಂದುಬಿಟ್ಟ. ಮಾರನೇ ದಿನ ರಾತ್ರಿ ಇವಳು ಪುಸ್ತಕ ಹಿಡ್ಕೊಂಡು ಹೋದ್ರೆ ಅಜ್ಜಿ ಗೋಡೆ ಕಡೆಗೆ ತಿರುಗಿ ಮಲಗಿದ್ರಂತೆ. "ತಪ್ಪ್ ಶಬ್ದ ಬರ್ಸಿ ನಿಂಗೆಂತ ಉಪ್ಕಾರ ಹೆಣ್ಣೇ? ಬಿಡ್."

ನನಗೆ ಆ ದಿನ ಆಫೀಸಿನಲ್ಲಿ ಕೆಲಸ ಹೋಗ್ಲಿಲ್ಲ.

ಶಬ್ದ ಕಳೆದುಹೋಗಿರ್ಲಿಲ್ಲ, ಅದು ಗಿಟ್‌ನ ಒಳ್ಳೆ ಗುಣ. ಅವಳ ಗೆಲ್ಲು ಹಾಗೇ ಇತ್ತು. ಮತ್ತೊಮ್ಮೆ ಸೇರಿಸಿದ್ರಾಯ್ತು ಅಂತ ಕೂತ್ರೆ ಗಿಟ್ ಹೇಳ್ತದೆ, ಆಲ್‌ರೆಡಿ ಅಪ್ ಟು ಡೇಟ್. ಯಾಕೆ ಗೊತ್ತುಂಟಾ? ನಾನು ಆ ರಾತ್ರಿ ಸೇರಿಸಿ ಆಯ್ತು ಅಂತ ಸಹಿ ಹಾಕಿದ್ದೇನಲ್ಲ. ಒಳಗೆ ಎಂತ ಬಿಟ್ಟೆ ಅಂತ ಅದು ಕೇಳುವುದಿಲ್ಲ, ಗೆಲ್ಲು ಸೇರಿದೆ ಅಂತ ಮಾತ್ರ ನೆನಪಿಟ್ಟುಕೊಂಡಿರ್ತದೆ.

ಆದಿತ್ಯವಾರ ಟೈಗರ್ ಸರ್ಕಲ್‌ನಲ್ಲಿ ಬಸ್ ಹತ್ತಿದೆ. ಪರ್ಕಳ, ಹಿರಿಯಡ್ಕ, ಬೈಲೂರು ದಾರಿ. ಫೋನಿನಲ್ಲಿ ಮುಗಿಸುವ ವಿಷಯ ಅಲ್ಲ ಅಂತ ಅನ್ನಿಸಿತ್ತು. ಟೀಚರ್ ಪಡುಬಿದ್ರಿ, ಬೆಳ್ಮಣ್ ಕಡೆಯಿಂದ ನನಗಿಂತ ಮೊದಲೇ ಬಂದು ಜಗಲಿಯಲ್ಲಿ ಕೂತಿದ್ರು. ಉಡುಪಿ ಹುಡುಗನಿಗೆ ಪರೀಕ್ಷೆ, ಅವನು ಫೋನಿನಲ್ಲಿ. ಕಾರ್ಕಳದವಳು ಬಾಗಿಲಿಗೆ ಬಂದು "ಬನ್ನಿ ಅಕ್ಕ" ಅಂದ್ಳು, ನೀರು ಬೆಲ್ಲ ತಂದಿಟ್ಳು. ತಪ್ಪಾಯ್ತು ಅಂತ ಹೇಳಿದೆ. "ನೋಡದೆ ಸಹಿ ಹಾಕಿದೆ" ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಗುವಿನ ಮೂಗು ಒರೆಸ್ತಾ ಇದ್ದು, ಆಮೇಲೆ ಹೇಳಿದ್ಳು: "ತಪ್ಪು ನೀವೊಬ್ರದ್ದೇ ಅಲ್ಲ ಅಕ್ಕ. ಆರು ವಾರ ನಾನು ಅಲ್ಲಿ ಒಬ್ಳೇ ಇದ್ದೆ. ಯಾರೂ ಎಂತ ಆಯ್ತು ಅಂತ ಕೇಳ್ಲಿಲ್ಲ." ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಆ ಜಗಲಿಯಲ್ಲಿ ನಮ್ಮ ಎರಡನೇ ಆಯ್ಕೆ ನಡೆದದ್ದು. ಈ ಸಲ ಚಿತ್ರ ಇಲ್ಲ. ಮೊದಲು ಲಿನಕ್ಸ್‌ನವರದ್ದು ಹೇಳಿದೆ. ಎರಡು ವಾರ ಬಾಗಿಲು ತೆರೆದಿಡ್ತಾರೆ, ಹೊಸದೆಲ್ಲ ಆಗಲೇ ಬರಬೇಕು, ಮತ್ತೆ ಬಾಗಿಲು ಹಾಕಿ ಏಳು ವಾರದ ಹತ್ತಿರ ತಪ್ಪು ತಿದ್ದುವುದು ಮಾತ್ರ, ಒಟ್ಟು ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಸಾವಿರಾರು ಜನ ಬರೆಯುವಲ್ಲಿಗೆ ಸರಿ ಅದು. ಇವಳಿಗೆ ಬಾಗಿಲು ತೆರೆದ ಎರಡು ವಾರದಲ್ಲೇ ಮಗುವಿಗೆ ಜ್ವರ ಬಂದ್ರೆ? ಬೇಡ ಅಂತಾಯ್ತು. ಗೆಲ್ಲೇ ಬೇಡ, ಎಲ್ಲರೂ ನೇರ ಬುಡಕ್ಕೆ ಬರೆಯುವ ಅಂದ ಉಡುಪಿ ಹುಡುಗ. ಟೀಚರ್ ಒಪ್ಪಲಿಲ್ಲ. "ನನ್ನ ಕಣ್ಣಿಗೆ ಬೀಳದೆ ಅಕ್ಷರ ತಪ್ಪಿದ ಶಬ್ದ ಒಳಗೆ ಹೋದ್ರೆ, ಅದನ್ನೇ ಸರಿ ಅಂತ ಊರಿಗೆಲ್ಲ ಕಲಿಸಿದ ಹಾಗಾಯ್ತು." ಅವರು ಹೇಳಿದ್ದು ನ್ಯಾಯ. ಶಬ್ದ ಇಲ್ಲದಿದ್ರೆ ಕೆಂಪು ಗೆರೆ ಬೀಳ್ತದೆ, ತಪ್ಪು ಶಬ್ದ ಇದ್ರೆ ಗೆರೆಯೂ ಬೀಳುವುದಿಲ್ಲ.

ಉಳಿದದ್ದು ನಡುವಿನ ದಾರಿ. ಗಿಟ್‌ಹಬ್ ಕಂಪೆನಿಯಲ್ಲಿ ನಡೀತಿದ್ದದ್ದನ್ನು ಸ್ಕಾಟ್ ಚೇಕನ್ 2011ರಲ್ಲಿ ಬರೆದಿಟ್ಟದ್ದು. ಬುಡ ಒಂದೇ, ಅದು ಯಾವಾಗಲೂ ಜನರಿಗೆ ಕೊಡುವ ಹಾಗೆ ಇರಬೇಕು. ಸಣ್ಣ ಗೆಲ್ಲು ಒಡೆಯುವುದು, ಇನ್ನೊಬ್ಬರು ನೋಡುವುದು, ಕೂಡಲೇ ಸೇರಿಸುವುದು. ನಾನು ಫ್ರಿಜ್‌ಗೆ ಅಂಟಿಸಿದ ಚಿತ್ರದ ಡ್ರೀಸನ್ ಕೂಡ 2020ರ ಮಾರ್ಚ್‌ನಲ್ಲಿ ತಮ್ಮ ಹಳೇ ಬರಹದ ಮೇಲೆ ಒಂದು ಟಿಪ್ಪಣಿ ಹಾಕಿದ್ದಾರೆ. ಹಳೇ ಹೊಸ ಆವೃತ್ತಿ ಹಲವನ್ನು ಒಟ್ಟಿಗೆ ನೋಡಿಕೊಳ್ಳಬೇಕಾದವರಿಗೆ ಗಿಟ್ ಫ್ಲೋ ಆಗಬಹುದು, ಆಗಾಗ ಬಿಡುಗಡೆ ಮಾಡ್ತಾ ಹೋಗುವವರು ಸರಳವಾದದ್ದನ್ನು ನೋಡಿ ಅಂತ. ನಾನು ಆ ಟಿಪ್ಪಣಿ ಓದಿದ್ದು ಆ ಆದಿತ್ಯವಾರ, ಬಸ್ಸಿನಲ್ಲಿ. ಹತ್ತು ವರ್ಷ ಕಳೆದು ಬರೆದವರೇ ತಿದ್ದಿದ್ರೂ ನಾನು ಚಿತ್ರ ಮಾತ್ರ ನೋಡಿ ತಂದಿದ್ದೆ. ನಮ್ಮ ಪಟ್ಟಿಯ ಹಳೇ ಆವೃತ್ತಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಹೊಸದು ಬಂದ ಕೂಡಲೇ ಹಳತು ಬಿಟ್ಟಾಯ್ತು. ನಮಗೆ ಎರಡು ಬುಡ ಯಾಕೆ?

ಅಳತೆಯ ಮಾತು ಬಂತು ಆಮೇಲೆ. ಗೆಲ್ಲಿಗೆ ಹೆಚ್ಚೆಂದರೆ ಮೂರು ದಿನ, ಮೂವತ್ತು ಶಬ್ದ. ಆರೇ ಶಬ್ದ ಆದ್ರೂ ಮೂರನೇ ದಿನ ಬರಬೇಕು. ಇನ್ನೊಬ್ಬರು ಎರಡು ದಿನದೊಳಗೆ ನೋಡಬೇಕು. ನೋಡದಿದ್ರೆ? ನಾನು ಕಾಯಬೇಕು ಅಂದೆ. ಕಾರ್ಕಳದವಳು ತಲೆ ಅಲ್ಲಾಡಿಸಿದ್ಳು. "ಎರಡು ದಿನದಲ್ಲಿ ಯಾರೂ ನೋಡದಿದ್ರೆ ಬರೆದವರೇ ಸೇರಿಸುವುದು. ನಾನು ಇನ್ನು ಕಾಯುವುದಿಲ್ಲ." ಟೀಚರ್ ಎರಡು ನಿಮಿಷ ಸುಮ್ಮನಿದ್ದು, "ಆಗಬಹುದು, ನೋಡುವುದು ನನ್ನ ಜವಾಬ್ದಾರಿ ಆಯ್ತಲ್ಲ" ಅಂದ್ರು. ಮೊದಲ ಗೆರೆಯ ಸಂಖ್ಯೆಯನ್ನು ಕೈಯಲ್ಲಿ ಯಾರೂ ಬರೀಲಿಕ್ಕಿಲ್ಲ, ಅಕಾರಾದಿ ಜೋಡಿಸ್ಲಿಕ್ಕೂ ಇಲ್ಲ. ಬಿಡುಗಡೆ ಹೊತ್ತಿಗೆ ಎರಡನ್ನೂ ಕಂಪ್ಯೂಟರೇ ಮಾಡಿಕೊಳ್ಳುವ ಹಾಗೆ ಹುಡುಗ ಒಂದು ಸಣ್ಣ ಪ್ರೋಗ್ರಾಂ ಬರೆದ. ಬಿಡುಗಡೆಗೆ ಬೇರೆ ಗೆಲ್ಲಿಲ್ಲ, ಬುಡಕ್ಕೊಂದು ಚೀಟಿ ಅಂಟಿಸುವುದು, ಅಷ್ಟೇ. ಟ್ಯಾಗ್ ಅಂತಾರೆ ಅದಕ್ಕೆ.

ಬಿಡುಗಡೆ ಮಾಡುವವರು ಯಾರು ಅನ್ನುವಲ್ಲಿ ಟೀಚರ್ ನಮ್ಮ ಮಠದ ಪರ್ಯಾಯ ತೆಗೆದ್ರು. ಅಷ್ಟಮಠದಲ್ಲಿ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಒಬ್ಬರಿಂದ ಒಬ್ಬರಿಗೆ ಹೋಗ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಇದ್ದದ್ದನ್ನು 1522ರಲ್ಲಿ ವಾದಿರಾಜರು ಎರಡು ವರ್ಷ ಮಾಡಿದ್ದು. "ನಾವು ತಿಂಗಳಿಗೊಬ್ಬರು. ಸಟ್ಟುಗ ಯಾವಾಗಲೂ ನಿನ್ನ ಕೈಯಲ್ಲೇ ಇದ್ದದ್ದಕ್ಕೇ ಇಷ್ಟಾದದ್ದು" ಅಂದ್ರು ನನ್ನ ಮುಖ ನೋಡಿ. ಸೆಪ್ಟೆಂಬರಿನ ಸಟ್ಟುಗ ಕಾರ್ಕಳಕ್ಕೆ ಹೋಯ್ತು.

ಎಲ್ಲವೂ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗ್ತದೆ. ಹುಡುಗ ಮಾಡುವ ಮೊಬೈಲಿನ ಭಾಗ ಮೂರು ದಿನದಲ್ಲಿ ಮುಗಿಯುವ ಕೆಲಸ ಅಲ್ಲ, ಎರಡು ತಿಂಗಳು ಬೇಕು. ಅರ್ಧ ಆದದ್ದನ್ನು ಬುಡಕ್ಕೆ ಸೇರಿಸಿ ಒಂದು ಸ್ವಿಚ್ ಹಾಕಿ ಮುಚ್ಚಿಡಬೇಕು, ಆದ ಮೇಲೆ ಸ್ವಿಚ್ ತೆರೆಯುವುದು. ಅವನಿಗೆ ಅದು ಇಷ್ಟ ಇಲ್ಲ, ಈಗಲೂ ಗೊಣಗ್ತಾನೆ.

ಅಜ್ಜಿಯ 212 ಶಬ್ದ ತರ್ಲಿಕ್ಕೆ ಎರಡು ಸಂಜೆ ಹಿಡೀತು. ಹಳೇ ಗೆಲ್ಲಿನ ಪಟ್ಟಿ, ಈಗಿನ ಪಟ್ಟಿ ಎರಡನ್ನೂ ಬದಿಬದಿಯಲ್ಲಿಟ್ಟು ಇಲ್ಲದ್ದನ್ನು ಹೆಕ್ಕಿ, ಮೂವತ್ತು ಮೂವತ್ತರಂತೆ ಸೇರಿಸಿದ್ವಿ. ಅದರಲ್ಲಿ ಒಂದು ವಿಚಿತ್ರ ಕಂಡಿತು. ಕೊಟ್ಟೆ ಅನ್ನುವ ಶಬ್ದ ಎರಡು ಸಲ ಉಂಟು, ಕಣ್ಣಿಗೆ ಒಂದೇ, ಗಿಟ್ ಬೇರೆ ಬೇರೆ ಅಂತದೆ. ನೋಡಿದ್ರೆ ಒಂದರಲ್ಲಿ "ಕೊ" ದ ಒತ್ತಿಗೆ ಒಂದೇ ಚಿಹ್ನೆ, ಇನ್ನೊಂದರಲ್ಲಿ ಎತ್ವ ಬೇರೆ, ಅದರ ಕೊಂಬು ಬೇರೆ, ಎರಡು ಚಿಹ್ನೆ ಸೇರಿ ಒಂದೇ ರೂಪ. ಹಳೇ ಫೈಲಿನಿಂದ ಯುನಿಕೋಡಿಗೆ ತಂದದ್ದರಲ್ಲಿ ಹಾಗಾಗಿತ್ತು. ಇಂಥದ್ದು 19 ಸಿಕ್ಕಿತು. ಆ ರಾತ್ರಿ ನನ್ನ ಸ್ಕ್ರೀನ್ ತುಂಬಿದ ಜಗಳದಲ್ಲಿ ಕೆಲವು ಜಗಳವೇ ಅಲ್ಲ, ಎರಡೂ ಕಡೆಯವರು ಒಂದೇ ಮಾತು ಹೇಳ್ತಿದ್ದದ್ದು! ಈಗ ಒಳಗೆ ಬರುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರ್ತೇವೆ.

ಸೆಪ್ಟೆಂಬರ್ ಬಿಡುಗಡೆಯ ದಿನ ಸಂಜೆ ಅವಳು ವಿಡಿಯೋ ಕಾಲ್ ಮಾಡಿದ್ಳು. ಅದೇ ಹುಡುಗ, ಅದೇ ಮೊಬೈಲು. ಗೊರಬು ಅಂತ ಬರೆದ, ಗೆರೆ ಬೀಳ್ಲಿಲ್ಲ. "ಅಜ್ಜಿ, ಈಗ ಸರಿಯಂತೆ" ಅಂದ. ಅಜ್ಜಿ ಮೊಬೈಲಿನ ಕಡೆಗೆ ನೋಡ್ಲೂ ಇಲ್ಲ.

"ಇಷ್ಟ್ ದಿನ ಗೊರ್ಬು ಗೊತ್ತಿಲ್ಯಾ ಅದ್ಕೆ? ಅಲ್ಲಿ ಮಳಿ ಬತ್ತಿಲ್ಯಾ?"

ಆ ರಾತ್ರಿ ಒಂಬತ್ತು ಶಬ್ದ ಕೊಟ್ರಂತೆ.

ಚಿಕ್ಕಮ್ಮ, ನಿಮ್ಮ ಅತ್ತೆ ಮೀನಿನ ಬುಟ್ಟಿಗೆ, ಬಲೆಗೆ ಹೇಳ್ತಿದ್ದ ಹೆಸರೆಲ್ಲ ನಿಮಗೆ ನೆನಪುಂಟಲ್ಲ. ಒಂದು ಚೀಟಿಯಲ್ಲಿ ಬರೆದು ಫೋಟೋ ತೆಗೆದು ಕಳ್ಸಿ. ಎಲ್ಲಾ ಬರೆದು ಆಗ್ಲಿ ಅಂತ ಕಾಯ್ಬೇಡಿ. ಈ ತಿಂಗಳ ಸಟ್ಟುಗ ಟೀಚರ್ ಹತ್ರ ಉಂಟು, ಅವರ ಮನೆ ನಿಮ್ಮಿಂದ ನಡೆದು ಹೋಗುವಷ್ಟೇ ದೂರ.